ಮಹಿಳೆಯರ ಸ್ಥಿತಿಗತಿ ಸಲಹಾ ಮಂಡಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಥಳೀಯ ಆಡಳಿತದ ಇಂಥ ಒಂದು ಮಂಡಳಿಯಲ್ಲಿ ನಾನು ಎರಡು ಅವಧಿ ಸದಸ್ಯೆಯಾಗಿದ್ದೆ. ಆಗ ಜನ ನನ್ನನ್ನು ಕೇಳಿದ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೆಲವನ್ನು ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದರು, ಕೆಲವನ್ನು ಕಾಲೆಳೆಯಲು. ಎರಡಕ್ಕೂ ಉತ್ತರ ಒಂದೇ ಆದ್ದರಿಂದ ಬೇರೆ ಬೇರೆ ಮಾಡಿಲ್ಲ.

ಈ ಮಂಡಳಿ ಅಂದರೆ ಏನು?

ನಗರಸಭೆ, ಜಿಲ್ಲಾಡಳಿತ, ಕೌಂಟಿ (ಅಮೆರಿಕದಲ್ಲಿ ನಮ್ಮ ಜಿಲ್ಲೆಯಂಥದ್ದು), ಹೀಗೆ ಯಾವುದೋ ಒಂದು ಸ್ಥಳೀಯ ಸರ್ಕಾರ ತನಗೆ ಸಲಹೆ ಕೊಡಲಿ ಎಂದು ನೇಮಿಸಿಕೊಳ್ಳುವ ಸಣ್ಣ ಗುಂಪು. ಊರಿನ ಹೆಣ್ಣುಮಕ್ಕಳ ಬದುಕು ಹೇಗಿದೆ ಎಂದು ನೋಡುವುದು ಅದರ ಕೆಲಸ. ಆಡಳಿತ ಮಾಡುವ ತೀರ್ಮಾನ ಅವರಿಗೆ ಎಲ್ಲಿ ಅನುಕೂಲ, ಎಲ್ಲಿ ತೊಂದರೆ ಎಂದು ಲೆಕ್ಕ ಹಾಕುವುದು ಇನ್ನೊಂದು. ಏನು ಬದಲಾಗಬೇಕು ಎಂದು ಬರೆದು ಕೊಡುವುದು ಮತ್ತೊಂದು. ಹೆಸರು ಮಾತ್ರ ಒಂದೊಂದು ಕಡೆ ಒಂದೊಂದು. ಆಯೋಗ, ಸಮಿತಿ, ಪರಿಷತ್ತು, ಮಂಡಳಿ. ಹೆಸರು ನೋಡಿ ಅಧಿಕಾರ ಎಷ್ಟಿದೆ ಎಂದು ಅಳೆಯಬೇಡಿ. ಅದನ್ನು ಹುಟ್ಟುಹಾಕಿದ ಆದೇಶವನ್ನು ಓದಿ.

ಅದಕ್ಕೆ ಆದೇಶ ಕೊಡುವ ಅಧಿಕಾರ ಇದೆಯಾ?

ಇಲ್ಲ. ದಂಡ ಹಾಕುವಂತಿಲ್ಲ, ಅಧಿಕಾರಿಯನ್ನು ಅಮಾನತು ಮಾಡುವಂತಿಲ್ಲ, ಟೆಂಡರ್ ನಿಲ್ಲಿಸುವಂತಿಲ್ಲ. ಸಲಹೆ ಕೊಡಬಹುದು ಅಷ್ಟೆ.

ಈ ಉತ್ತರ ಕೇಳಿದ ಕೂಡಲೇ ಜನರ ಮುಖ ಸಪ್ಪೆಯಾಗುತ್ತದೆ. ಸದಸ್ಯೆಯಾದ ಮೊದಲ ದಿನ ನನ್ನ ಮುಖವೂ ಹಾಗೇ ಆಗಿತ್ತು. ಆದರೆ ಮಂಡಳಿಗೆ ಮೂರು ಕೆಲಸ ಮಾಡಲು ಯಾರ ಅಪ್ಪಣೆಯೂ ಬೇಕಿಲ್ಲ: ಕೇಳುವುದು, ಬರೆದಿಡುವುದು, ಮತ್ತೆ ಕೇಳುವುದು. ಮೂರನೆಯದನ್ನು ಬಹಳಷ್ಟು ಮಂಡಳಿಗಳು ಮರೆತುಬಿಡುತ್ತವೆ. ಮೊದಲ ಸಲ ಕೇಳಿದಾಗ ಅಧಿಕಾರಿ "ನೋಡೋಣ" ಅನ್ನುತ್ತಾರೆ. ಎರಡನೇ ಸಲ "ಕಡತ ಚಲಾವಣೆಯಲ್ಲಿದೆ" ಅನ್ನುತ್ತಾರೆ. ನಾಲ್ಕನೇ ಸಭೆಯಲ್ಲೂ ಅದೇ ಪ್ರಶ್ನೆ ಅಜೆಂಡಾದ ಮೊದಲ ಸಾಲಿನಲ್ಲಿ ಕಂಡರೆ, ಐದನೇ ಸಭೆಗೆ ಬರುವ ಮುಂಚೆ ಕೆಲಸ ಮಾಡಿಸಿಕೊಂಡು ಬರುತ್ತಾರೆ. ಹೆದರಿಕೆಯಿಂದ ಅಲ್ಲ, ಬೇಸರದಿಂದ.

ಇದೂ ಮಹಿಳಾ ಆಯೋಗವೂ ಒಂದೇನಾ?

ಅಲ್ಲ. ಭಾರತದ ರಾಷ್ಟ್ರೀಯ ಮಹಿಳಾ ಆಯೋಗ 1990ರ ಕಾಯ್ದೆಯಿಂದ ಬಂದದ್ದು, ಶುರುವಾಗಿದ್ದು 1992ರ ಜನವರಿಯಲ್ಲಿ. ವಿಚಾರಣೆ ಮಾಡುವಾಗ ಜನರನ್ನು ಕರೆಸುವುದಕ್ಕೆ, ದಾಖಲೆ ತರಿಸುವುದಕ್ಕೆ ಅದಕ್ಕೆ ಸಿವಿಲ್ ಕೋರ್ಟಿನ ಅಧಿಕಾರ ಇದೆ. ರಾಜ್ಯ ಆಯೋಗಗಳಿಗೂ ಅವುಗಳದೇ ಕಾಯ್ದೆಗಳಿವೆ. ಸ್ಥಳೀಯ ಸಲಹಾ ಮಂಡಳಿಗೆ ಸಾಮಾನ್ಯವಾಗಿ ಅಂಥದ್ದೇನೂ ಇರುವುದಿಲ್ಲ. ಅದಕ್ಕೆ ಇರುವ ಅನುಕೂಲ ಬೇರೆ. ಯಾವ ಬೀದಿಯ ಯಾವ ಕಂಬ ಎಂದು ಅದಕ್ಕೆ ಗೊತ್ತಿರುತ್ತದೆ.

ಇಂಥ ಮಂಡಳಿಗಳು ಎಲ್ಲಿಂದ ಶುರುವಾದವು?

ಮೇಲಿನಿಂದ ಕೆಳಕ್ಕೆ ಇಳಿದು ಬಂದವು ಅನ್ನಬಹುದು. ವಿಶ್ವಸಂಸ್ಥೆ 1946ರಲ್ಲೇ ಮಹಿಳೆಯರ ಸ್ಥಿತಿಗತಿ ಆಯೋಗವನ್ನು ಕಟ್ಟಿತು. ಅಮೆರಿಕದಲ್ಲಿ ಅಧ್ಯಕ್ಷ ಕೆನಡಿ 1961ರ ಡಿಸೆಂಬರಿನಲ್ಲಿ ಒಂದು ಆಯೋಗ ನೇಮಿಸಿದರು. ಅದರ ಅಧ್ಯಕ್ಷೆ ಎಲೀನರ್ ರೂಸ್‌ವೆಲ್ಟ್. 1962ರ ನವೆಂಬರಿನಲ್ಲಿ ಅವರು ತೀರಿಕೊಂಡರು. ವರದಿ ಹೊರಬಂದದ್ದು 1963ರ ಅಕ್ಟೋಬರ್ 11ಕ್ಕೆ, ಅಂದರೆ ಅವರ ಹುಟ್ಟುಹಬ್ಬದ ದಿನ. ಆಮೇಲೆ ಒಂದೊಂದೇ ರಾಜ್ಯ ತನ್ನದೇ ಆಯೋಗ ಮಾಡಿಕೊಳ್ಳುತ್ತಾ ಹೋಯಿತು. 1967ರ ಹೊತ್ತಿಗೆ ಐವತ್ತು ರಾಜ್ಯಗಳಲ್ಲೂ ಇದ್ದವು. ಅಲ್ಲಿಂದ ನಗರಗಳಿಗೆ, ಕೌಂಟಿಗಳಿಗೆ ಹರಡಿತು. ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಲಾಸ್ ಏಂಜಲೀಸ್ ನಗರದ ಆಯೋಗಗಳು ಎರಡೂ 1975ರವು.

ಭಾರತದಲ್ಲಿ 1971ರಲ್ಲಿ ಕೇಂದ್ರ ಸರ್ಕಾರ ಮಹಿಳೆಯರ ಸ್ಥಿತಿಗತಿ ಸಮಿತಿಯನ್ನು ನೇಮಿಸಿತು. ಫೂಲ್‌ರೇಣು ಗುಹಾ ಅಧ್ಯಕ್ಷೆ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿ. 1974ರ ಕೊನೆಗೆ ವರದಿ ಬಂತು. ಸ್ವಾತಂತ್ರ್ಯ ಬಂದು ಕಾಲು ಶತಮಾನ ಕಳೆದಿದೆ, ಹೆಣ್ಣುಮಕ್ಕಳ ಸ್ಥಿತಿ ತಂತಾನೇ ಸುಧಾರಿಸುತ್ತಿದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಸಮಿತಿ ಜನಗಣತಿ ಪುಸ್ತಕ ತೆರೆದು ನೋಡಿತು. 1901ರಲ್ಲಿ ಸಾವಿರ ಗಂಡಸರಿಗೆ 972 ಹೆಂಗಸರು, 1971ರಲ್ಲಿ 930. ಅಂಕಿ ಗುಟ್ಟಿನದ್ದೇನಲ್ಲ, ಸರ್ಕಾರವೇ ಅಚ್ಚು ಹಾಕಿಸಿದ್ದು. ಎಪ್ಪತ್ತು ವರ್ಷದ ಸಾಲುಗಳನ್ನು ಪಕ್ಕಪಕ್ಕ ಇಟ್ಟು ಇದು ಯಾಕೆ ಹೀಗೆ ಎಂದು ಕೇಳುವವರು ಬೇಕಿತ್ತು. ಸಲಹಾ ಸಮಿತಿ ಏನು ಮಾಡಬಲ್ಲದು ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಮೊದಲ ಉದಾಹರಣೆ ಇದೇ.

ಸಭೆಯಲ್ಲಿ ನಿಜವಾಗಿ ಏನು ನಡೆಯುತ್ತದೆ?

ಕೋರಂ ಆಗಿದೆಯಾ ಎಂದು ತಲೆ ಎಣಿಸುತ್ತಾರೆ. ಹಿಂದಿನ ಸಭೆಯ ನಡಾವಳಿ ಓದುತ್ತಾರೆ. ಅನುಪಾಲನಾ ವರದಿ ಬರುತ್ತದೆ, ಅಂದರೆ ಹೋದ ಸಲ ಹೇಳಿದ್ದರಲ್ಲಿ ಏನಾಯಿತು ಎಂಬ ಪಟ್ಟಿ. ಆಮೇಲೆ ಹೊಸ ವಿಷಯ. ಚಹಾ ಬರುವ ಹೊತ್ತಿಗೆ ಅರ್ಧ ಜನರ ಕಣ್ಣು ಗಡಿಯಾರದ ಮೇಲಿರುತ್ತದೆ.

ಒಂದು ಸಭೆ ನನಗೆ ಚೆನ್ನಾಗಿ ನೆನಪಿದೆ. ವಿಷಯ ಬೀದಿದೀಪ. ಎಂಜಿನಿಯರ್ ಒಂದು ಪಟ್ಟಿ ತಂದಿದ್ದರು, ಅಚ್ಚುಕಟ್ಟಾಗಿ ಪಿನ್ ಹೊಡೆದದ್ದು. ಯಾವ ವಾರ್ಡಿನಲ್ಲಿ ಎಷ್ಟು ಕಂಬ, ಎಷ್ಟು ಬಲ್ಬು, ಎಲ್ಲವೂ ಇತ್ತು. ನಮ್ಮಲ್ಲೊಬ್ಬರು ನಿವೃತ್ತ ನರ್ಸ್, ಮಾತು ಕಡಿಮೆ. ಅವರು ಪಟ್ಟಿಯನ್ನು ಎರಡು ಸಲ ತಿರುಗಿಸಿ ನೋಡಿ, "ಇದರಲ್ಲಿ ಉರಿಯೋದು ಎಷ್ಟು ಸಾರ್?" ಎಂದರು. ಆ ಕಾಲಂ ಇರಲೇ ಇಲ್ಲ. ಪಟ್ಟಿ ಖರೀದಿಗೆ ಮಾಡಿದ್ದು, ಬೆಳಕಿಗೆ ಮಾಡಿದ್ದಲ್ಲ.

ಆ ವಾರ ನಾವು ನಾಲ್ವರು ಸಂಜೆ ಏಳೂವರೆಗೆ ಬಸ್ ನಿಲ್ದಾಣದಿಂದ ಹುಡುಗಿಯರ ಹಾಸ್ಟೆಲಿನವರೆಗೆ ನಡೆದೆವು. ಕೈಯಲ್ಲಿ ಒಂದು ನೋಟ್‌ಬುಕ್, ಒಂದು ಟಾರ್ಚು. ಕಂಬಕ್ಕೆ ಒಂದು ಗೀಟು, ಉರಿಯುತ್ತಿದ್ದರೆ ಅದಕ್ಕೊಂದು ಸುತ್ತು. ಇಪ್ಪತ್ತೆರಡು ಗೀಟು, ಒಂಬತ್ತು ಸುತ್ತು. ಮೂರು ದೀಪಗಳು ಉರಿಯುತ್ತಿದ್ದರೂ ಮರದ ಕೊಂಬೆಯೊಳಗೆ ಸೇರಿಕೊಂಡು ಎಲೆಗಳಿಗೆ ಮಾತ್ರ ಬೆಳಕು ಕೊಡುತ್ತಿದ್ದವು. ಅವನ್ನು ಯಾವ ಲೆಕ್ಕಕ್ಕೆ ಹಾಕುವುದು ಎಂದು ದಾರಿಯಲ್ಲೇ ನಿಂತು ಜಗಳವಾಡಿದೆವು. ಮುಂದಿನ ಸಭೆಗೆ ಆ ನೋಟ್‌ಬುಕ್ಕಿನ ಹಾಳೆಯ ಜೆರಾಕ್ಸ್ ಇಟ್ಟೆವು. ಎಂಜಿನಿಯರ್ ಬೇಸರ ಮಾಡಿಕೊಳ್ಳಲಿಲ್ಲ. ಅವರ ಹತ್ತಿರವೂ ಆ ಲೆಕ್ಕ ಇರಲಿಲ್ಲ, ಪಾಪ. ಕೊಂಬೆ ಕಡಿಯುವುದು ಬೇರೆ ವಿಭಾಗದ ಕೆಲಸವಂತೆ. ಅದಕ್ಕೆ ಇನ್ನೂ ಎರಡು ಸಭೆ ಹಿಡಿಯಿತು.

ಅಂಕಿ ಅಂಶ ಅಂತ ಯಾಕೆ ಅಷ್ಟು ಜೀವ ತಿನ್ನುತ್ತೀರಿ?

ಲೆಕ್ಕ ಇಲ್ಲದ ಜಾಗದಲ್ಲಿ ಎಲ್ಲರೂ ತಮಗೆ ಕಂಡದ್ದನ್ನೇ ಹೇಳುತ್ತಾರೆ. ಅದಕ್ಕೆ.

ಆಸ್ಟ್ರಿಯಾದ ವಿಯೆನ್ನಾ ನಗರದ ಕತೆ ಕೇಳಿ. 1992ರಿಂದ ಅಲ್ಲಿನ ನಗರಾಡಳಿತದಲ್ಲಿ ಮಹಿಳೆಯರಿಗಾಗಿ ಒಂದು ಕಚೇರಿ ಇದೆ. ತೊಂಬತ್ತರ ದಶಕದಲ್ಲಿ ಸಾರ್ವಜನಿಕ ಪಾರ್ಕುಗಳಲ್ಲಿ ಯಾರು ಆಡುತ್ತಾರೆ ಎಂದು ಎಣಿಸಿ ನೋಡಿದರು. ಒಂಬತ್ತು ವರ್ಷದವರೆಗೆ ಹುಡುಗಿಯರೂ ಹುಡುಗರೂ ಬರುತ್ತಿದ್ದರು. ಅಲ್ಲಿಂದಾಚೆ ಹುಡುಗರು ಬರುತ್ತಲೇ ಇದ್ದರು, ಹುಡುಗಿಯರು ಮಾಯ. ಪಾರ್ಕಿಗೆ ಹುಡುಗಿಯರು ಬರಬಾರದು ಎಂದು ಬೋರ್ಡೇನೂ ಇರಲಿಲ್ಲ. ಇದ್ದದ್ದು ಒಂದೇ ದೊಡ್ಡ ಬಯಲು. ಅದನ್ನು ಚೆಂಡು ಹಿಡಿದ ಹುಡುಗರ ಗುಂಪು ಹಿಡಿದುಕೊಂಡ ಮೇಲೆ ಜಾಗಕ್ಕಾಗಿ ಕಾದಾಡುವುದು ಬಿಟ್ಟು ಹುಡುಗಿಯರು ಮನೆಗೆ ಹೋಗುತ್ತಿದ್ದರು. 1999ರ ಸುಮಾರಿಗೆ ಎರಡು ಪಾರ್ಕುಗಳನ್ನು ಬದಲಾಯಿಸಿದರು. ಬಯಲನ್ನು ಸಣ್ಣ ಸಣ್ಣ ಭಾಗ ಮಾಡಿದರು, ಒಳಹೋಗುವ ದಾರಿ ಹೆಚ್ಚಿಸಿದರು, ವಾಲಿಬಾಲ್ ಬ್ಯಾಡ್ಮಿಂಟನ್‌ಗೆ ಜಾಗ ಮಾಡಿದರು. ಹುಡುಗಿಯರು ವಾಪಸು ಬಂದರು. ಎಣಿಸದೆ ಇದ್ದಿದ್ದರೆ "ಈ ವಯಸ್ಸಿನ ಹುಡುಗಿಯರಿಗೆ ಆಟ ಇಷ್ಟ ಇಲ್ಲ" ಎಂದು ಯಾರೋ ಹೇಳಿ ಮುಗಿಸುತ್ತಿದ್ದರು, ಅಲ್ವಾ?

ಇನ್ನೊಂದು ಲೆಕ್ಕ ಭಾರತದ್ದು. 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈ ಹಾಕುವ ಗಂಡಸರು 97 ನಿಮಿಷ. ಸ್ಥಳೀಯ ಆಡಳಿತಕ್ಕೂ ಇದಕ್ಕೂ ಏನು ಸಂಬಂಧ ಅನ್ನಬೇಡಿ. ನಲ್ಲಿ ನೀರು ಎಷ್ಟು ಗಂಟೆಗೆ ಬಿಡುತ್ತಾರೆ, ಅಂಗನವಾಡಿ ಎಷ್ಟಕ್ಕೆ ಮುಚ್ಚುತ್ತದೆ, ಕಸದ ಗಾಡಿ ಯಾವಾಗ ಬರುತ್ತದೆ, ಇವೆಲ್ಲ ಆ 299 ನಿಮಿಷದೊಳಗೇ ಕೂತಿವೆ. ನೀರು ಬಿಡುವವರು ಹೊತ್ತು ಬದಲಾಯಿಸಿದರೆ ಯಾರೋ ಒಬ್ಬಳ ಕೆಲಸದ ಪಾಳಿ ತಪ್ಪುತ್ತದೆ.

ಲೆಕ್ಕ ಕೇಳುವಾಗ ಒಂದು ಸಣ್ಣ ಉಪಾಯ. "ಮಹಿಳೆಯರಿಗೆ ಏನು ಮಾಡಿದ್ದೀರಿ?" ಎಂದು ಕೇಳಬೇಡಿ. ಅದಕ್ಕೆ ಹೊಲಿಗೆ ಯಂತ್ರದ ಫೋಟೋ ಬರುತ್ತದೆ. "ಹೋದ ವರ್ಷ ಈ ಯೋಜನೆಗೆ ಅರ್ಜಿ ಹಾಕಿದವರು ಎಷ್ಟು, ಅದರಲ್ಲಿ ಹೆಂಗಸರು ಎಷ್ಟು, ತಿರಸ್ಕಾರ ಆದದ್ದು ಎಷ್ಟು, ಕಾರಣ ಏನು" ಎಂದು ಕೇಳಿ. ತಿರಸ್ಕಾರದ ಕಾಲಂನಲ್ಲೇ ಅಸಲಿ ಕತೆ ಇರುತ್ತದೆ.

ರಸ್ತೆ, ಚರಂಡಿ, ಪಾರ್ಕು ಎಲ್ಲರಿಗೂ ಒಂದೇ. ಅದರಲ್ಲಿ ಹೆಣ್ಣು ಗಂಡು ಎಲ್ಲಿಂದ ಬಂತು?

ಸ್ವೀಡನ್ನಿನ ಕಾರ್ಲ್‌ಸ್ಕೂಗ ಎಂಬ ಸಣ್ಣ ಊರಿನಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿ ವಿಷಯ ಹಿಮ. ಹಿಮ ಬಿದ್ದಾಗ ಮೊದಲು ದೊಡ್ಡ ರಸ್ತೆ, ಆಮೇಲೆ ಒಳರಸ್ತೆ, ಕೊನೆಗೆ ಕಾಲುದಾರಿ ಸ್ವಚ್ಛ ಮಾಡುವುದು ವಾಡಿಕೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ. ಆದರೆ ಕಾರಿನಲ್ಲಿ ಓಡಾಡುವವರಲ್ಲಿ ಗಂಡಸರು ಜಾಸ್ತಿ, ನಡೆದು, ಸೈಕಲ್ ತುಳಿದು, ಬಸ್ ಹಿಡಿದು ಹೋಗುವವರಲ್ಲಿ ಹೆಂಗಸರು ಜಾಸ್ತಿ. ಜಾರಿ ಬಿದ್ದು ಕೈಕಾಲು ಮುರಿದುಕೊಳ್ಳುವವರು ಕಾರಿನೊಳಗೆ ಇರುವವರಲ್ಲ. ಹಾಗಾಗಿ ಕ್ರಮವನ್ನು ತಿರುಗಿಸಿದರು. ಮೊದಲು ಶಿಶುವಿಹಾರದ ದಾರಿ, ಕಾಲುದಾರಿ, ಸೈಕಲ್ ದಾರಿ. ಹಿಮದ ಮೇಲೆ ಕಾರು ಓಡಿಸಬಹುದು, ಮಗುವಿನ ತಳ್ಳುಗಾಡಿ ತಳ್ಳಲಾಗದು. ಯಂತ್ರ ಅವೇ, ಆಳು ಅವರೇ, ಬದಲಾದದ್ದು ಸರದಿ.

ಹಿಮ ಕಾಣದ ಊರಿನಲ್ಲೂ ಈ ಸರದಿಯ ಪ್ರಶ್ನೆ ಇದ್ದೇ ಇದೆ. ಮಳೆ ನಿಂತ ಮೇಲೆ ಮೊದಲು ಯಾವ ಗುಂಡಿ ಮುಚ್ಚುತ್ತಾರೆ? ರಸ್ತೆ ಅಗಲ ಮಾಡಿದಾಗ ಫುಟ್‌ಪಾತ್‌ನಿಂದ ಎಷ್ಟು ಅಡಿ ಕಿತ್ತುಕೊಳ್ಳುತ್ತಾರೆ? ಸಾರ್ವಜನಿಕ ಶೌಚಾಲಯದಲ್ಲಿ ಎರಡೂ ಕಡೆ ಜಾಗ ಸಮ ಎಂದು ನಕ್ಷೆ ತೋರಿಸುತ್ತಾರೆ. ಅಷ್ಟೇ ಜಾಗದಲ್ಲಿ ಗಂಡಸರ ಕಡೆ ನಿಂತು ಹೋಗುವ ವ್ಯವಸ್ಥೆ ಸೇರಿ ಎಂಟು ಜನ ಏಕಕಾಲಕ್ಕೆ ಹೋದರೆ, ಹೆಂಗಸರ ಕಡೆ ಬಾಗಿಲಿರುವ ನಾಲ್ಕು. ಚದರಡಿ ಸಮ, ಸಾಲು ಸಮ ಅಲ್ಲ.

ಇಂಥ ಪ್ರಯೋಗ ಎಲ್ಲಾದರೂ ಕೈಕೊಟ್ಟಿದ್ದುಂಟಾ?

ಉಂಟು. ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಕೂಡ ಹಿಮ ತೆಗೆಯುವ ಈ ಕ್ರಮವನ್ನು ಒಪ್ಪಿಕೊಂಡಿತ್ತು. 2016ರ ನವೆಂಬರಿನಲ್ಲಿ ದಿಢೀರ್ ಅಂತ ಭಾರಿ ಹಿಮ ಬಿತ್ತು. ಬಸ್ಸು ನಿಂತವು, ಊರು ಸ್ತಬ್ಧವಾಯಿತು, ಜನ ಗೇಲಿ ಮಾಡಿದರು. ತಪ್ಪು ಸರದಿಯದ್ದೋ, ಅಷ್ಟು ಹಿಮಕ್ಕೆ ತಯಾರಿ ಇಲ್ಲದ್ದರದ್ದೋ ಎಂದು ವಾದ ನಡೆಯಿತು. ಸಲಹೆ ಕೊಟ್ಟವರು ಇಂಥ ದಿನಕ್ಕೂ ತಯಾರಿರಬೇಕು. ಒಂದು ಸಣ್ಣ ಊರಿನಲ್ಲಿ ನಡೆದದ್ದು ದೊಡ್ಡ ನಗರದಲ್ಲೂ ಹಾಗೇ ನಡೆಯುತ್ತದೆ ಎಂದು ಬರೆದು ಕೊಡಬಾರದು. ಮೊದಲು ಎರಡು ವಾರ್ಡಿನಲ್ಲಿ ಮಾಡಿ ನೋಡೋಣ ಎಂದು ಬರೆಯುವುದರಲ್ಲಿ ನಾಚಿಕೆ ಏನಿಲ್ಲ.

ನನಗೆ ಮನೆಯಲ್ಲಿ ಹಿಂಸೆ ಆಗುತ್ತಿದೆ. ಮಂಡಳಿಗೆ ದೂರು ಕೊಡಬಹುದಾ?

ದಯವಿಟ್ಟು ಮಂಡಳಿಯ ಸಭೆಗಾಗಿ ಕಾಯಬೇಡಿ. ಅದು ನೀತಿಯನ್ನು ನೋಡುವ ಜಾಗ, ಒಬ್ಬೊಬ್ಬರ ದೂರನ್ನು ಬಗೆಹರಿಸುವ ಜಾಗ ಅಲ್ಲ. ಭಾರತದಲ್ಲಿ ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181. ಕೌಟುಂಬಿಕ ದೌರ್ಜನ್ಯಕ್ಕೆ 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳು ಇದ್ದಾರೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಹತ್ತಕ್ಕಿಂತ ಕಡಿಮೆ ಜನ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಇದು 2013ರ ಕಾಯ್ದೆ.

ಮಂಡಳಿ ಇಲ್ಲಿ ಮಾಡಬೇಕಾದ್ದು ಬೇರೆ. ಆ ಸ್ಥಳೀಯ ಸಮಿತಿ ನಿಜವಾಗಿ ಇದೆಯಾ, ಅದರ ವಿಳಾಸ ಎಲ್ಲಿ ಅಂಟಿಸಿದ್ದಾರೆ, ವರ್ಷಕ್ಕೆ ಎಷ್ಟು ದೂರು ಬಂದವು ಎಂದು ಕೇಳುವುದು. ಸೊನ್ನೆ ದೂರು ಎಂದರೆ ಎಲ್ಲವೂ ಸರಿಯಿದೆ ಎಂದು ಅರ್ಥವಲ್ಲ. ಸಮಿತಿಯ ಬಾಗಿಲು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ ಎಂದೂ ಇರಬಹುದು.

ಸದಸ್ಯರನ್ನು ಯಾರು ಆರಿಸುತ್ತಾರೆ? ಸಂಬಳ ಇದೆಯಾ?

ಚುನಾಯಿತ ಸಭೆಯೋ ಅದರ ಮುಖ್ಯಸ್ಥರೋ ನೇಮಿಸುತ್ತಾರೆ. ಸಂಬಳ ಸಾಮಾನ್ಯವಾಗಿ ಇರುವುದಿಲ್ಲ, ಓಡಾಟದ ಖರ್ಚು ಕೊಟ್ಟರೆ ಕೊಟ್ಟರು. ಇಲ್ಲೇ ಒಂದು ತೊಡಕು ಇದೆ. ಸಂಬಳವಿಲ್ಲ, ಸಭೆ ಹಗಲು ಹನ್ನೊಂದಕ್ಕೆ ಎಂದರೆ ಯಾರು ಬರಬಲ್ಲರು? ಮನೆಯಲ್ಲಿ ಅನುಕೂಲ ಇರುವವರು, ನಿವೃತ್ತರಾದವರು. ದಿನಗೂಲಿಯವರು, ಬೀದಿ ಬದಿ ವ್ಯಾಪಾರ ಮಾಡುವವರು, ಪೌರಕಾರ್ಮಿಕರು ಒಂದು ದಿನದ ದುಡಿಮೆ ಬಿಟ್ಟು ಬರಬೇಕು. ಹೀಗಾಗಿ ಯಾರ ಬಗ್ಗೆ ಮಾತಾಡಬೇಕೋ ಅವರೇ ಕೋಣೆಯಲ್ಲಿ ಇರುವುದಿಲ್ಲ. ಸಭೆಯನ್ನು ಸಂಜೆಗೆ ಹಾಕಿ, ಬಸ್ ಖರ್ಚನ್ನು ಅಂದೇ ಕೈಗೆ ಕೊಡಿ, ಮಕ್ಕಳನ್ನು ನೋಡಿಕೊಳ್ಳಲು ಪಕ್ಕದ ಕೋಣೆಯಲ್ಲಿ ಒಬ್ಬರನ್ನು ಇಡಿ. ನಮ್ಮ ಮಂಡಳಿಯಲ್ಲಿ ಇದನ್ನು ಮಾಡಿಸಲು ನನ್ನ ಮೊದಲ ಅವಧಿ ಪೂರ್ತಿ ಹೋಯಿತು.

ಗಂಡಸರು ಸದಸ್ಯರಾಗಬಹುದಾ?

ಹುಟ್ಟುಹಾಕಿದ ಆದೇಶದಲ್ಲಿ ಬೇಡ ಎಂದಿಲ್ಲದಿದ್ದರೆ ಆಗಬಹುದು. ಆಗಲಿ ಕೂಡ.

ಮಾರ್ಚ್ 8ಕ್ಕೆ ಕಾರ್ಯಕ್ರಮ ಮಾಡುವುದು ಬಿಟ್ಟು ಬೇರೇನು ಮಾಡುತ್ತೀರಿ?

ಚುಚ್ಚಿ ಕೇಳುವ ಪ್ರಶ್ನೆ ಇದು. ಸುಮ್ನೆ ಕೇಳಿದ್ದಲ್ಲ, ಕಾರಣ ಇದೆ. ಎಷ್ಟೋ ಮಂಡಳಿಗಳು ವರ್ಷದ ಹಣವನ್ನೆಲ್ಲ ಶಾಲು, ಹಾರ, ಶಾಮಿಯಾನ, ರಂಗೋಲಿ ಸ್ಪರ್ಧೆಗೆ ಮುಗಿಸುತ್ತವೆ. ಸಾಧಕಿಯರನ್ನು ಸನ್ಮಾನಿಸುವುದು ತಪ್ಪಲ್ಲ. ಆದರೆ ಮಂಡಳಿಯ ಕೆಲಸದ ವರ್ಷ ಮಾರ್ಚಿನಲ್ಲಿ ಅಲ್ಲ, ಬಜೆಟ್ ಕರಡು ತಯಾರಾಗುವ ತಿಂಗಳುಗಳಲ್ಲಿ ಇರುತ್ತದೆ. ಬಜೆಟ್ ಮಂಡನೆಯಾದ ಮೇಲೆ ಕೊಡುವ ಸಲಹೆ ಅಡುಗೆ ಆದ ಮೇಲೆ ಹೇಳುವ ಉಪ್ಪಿನ ಹದ.

ಬಜೆಟ್ ನೋಡುವುದು ಹೇಗೆ? ನಮಗೆ ಲೆಕ್ಕ ಬರುವುದಿಲ್ಲ.

ಮನೆ ಖರ್ಚು ತೂಗಿಸಿದವರಿಗೆ ಇದು ಬರುತ್ತದೆ. ಆಸ್ಟ್ರೇಲಿಯ 1984ರಲ್ಲಿ ಮೊದಲ ಬಾರಿಗೆ ಬಜೆಟ್ಟನ್ನು ಹೆಣ್ಣುಮಕ್ಕಳ ಕಣ್ಣಿನಿಂದ ನೋಡುವ ಕೆಲಸ ಶುರು ಮಾಡಿತು. ಭಾರತದ ಕೇಂದ್ರ ಬಜೆಟ್‌ನಲ್ಲಿ 2005-06ರಿಂದ ಇದಕ್ಕೊಂದು ಪ್ರತ್ಯೇಕ ಹೇಳಿಕೆ ಇದೆ. ಪೂರ್ತಿ ಹಣ ಮಹಿಳೆಯರಿಗೇ ಹೋಗುವ ಯೋಜನೆಗಳು ಒಂದು ಭಾಗ. ಕನಿಷ್ಠ ಶೇಕಡ 30ರಷ್ಟು ಅವರಿಗೆ ಹೋಗುವವು ಇನ್ನೊಂದು ಭಾಗ. ಕೇರಳದಲ್ಲಿ 1996ರಲ್ಲಿ ಶುರುವಾದ ಜನಯೋಜನೆಯ ಕಾಲದಲ್ಲಿ ಪಂಚಾಯಿತಿಗಳು ತಮ್ಮ ಯೋಜನಾ ಹಣದ ಶೇಕಡ 10ನ್ನು ಮಹಿಳೆಯರಿಗಾಗಿಯೇ ಮಾಡುವ ಕೆಲಸಗಳಿಗೆ ಇಡಬೇಕು ಎಂಬ ನಿಯಮ ಬಂತು.

ಆದರೆ ಹಣ ಇಟ್ಟದ್ದು ಬೇರೆ, ಖರ್ಚಾದದ್ದು ಬೇರೆ. ನಾವು ಮೊದಲ ವರ್ಷ ಎಷ್ಟು ಇಟ್ಟಿದ್ದಾರೆ ಎಂದು ನೋಡಿ ಚಪ್ಪಾಳೆ ತಟ್ಟಿದೆವು. ಎರಡನೇ ವರ್ಷ ಪಕ್ಕದ ಕಾಲಂ ಓದಲು ಕಲಿತೆವು. ಮಹಿಳೆಯರ ಹೆಸರಿನಲ್ಲಿಟ್ಟ ಹಣದಲ್ಲಿ ಒಂದು ಸಮುದಾಯ ಭವನದ ಕಾಂಪೌಂಡು ಎದ್ದಿತ್ತು. ಕೇಳಿದರೆ, "ಅಲ್ಲಿ ಮಹಿಳೆಯರೂ ಬರ್ತಾರಲ್ಲ ಮೇಡಂ" ಎಂಬ ಉತ್ತರ.

ಶಿಫಾರಸು ಬರೆಯುವುದು ಹೇಗೆ?

"ಮಹಿಳೆಯರ ಸುರಕ್ಷತೆಗೆ ಅಗತ್ಯ ಕ್ರಮ ಕೈಗೊಳ್ಳುವುದು." ಇದು ಶಿಫಾರಸಲ್ಲ, ಹಾರೈಕೆ. ಇದಕ್ಕೆ ಯಾರು ಬೇಕಾದರೂ "ಕೈಗೊಳ್ಳಲಾಗಿದೆ" ಎಂದು ಷರಾ ಬರೆಯಬಹುದು.

ಯಾವ ವಿಭಾಗ, ಯಾವ ಕೆಲಸ, ಯಾವ ತಾರೀಖಿನೊಳಗೆ, ಯಾವ ಲೆಕ್ಕಶೀರ್ಷಿಕೆಯಿಂದ (ಅಂದರೆ ಬಜೆಟ್ಟಿನ ಯಾವ ಬಾಬ್ತಿನ ಹಣದಿಂದ), ಆಯಿತು ಎಂದು ಹೇಗೆ ಗೊತ್ತಾಗುತ್ತದೆ. ಈ ಐದು ಇದ್ದರೆ ಅದು ಶಿಫಾರಸು. "ಬಸ್ ನಿಲ್ದಾಣದಿಂದ ಹಾಸ್ಟೆಲಿನವರೆಗಿನ ಕೆಟ್ಟ ದೀಪಗಳನ್ನು ವಿದ್ಯುತ್ ವಿಭಾಗ ಬೀದಿದೀಪ ನಿರ್ವಹಣೆಯ ಲೆಕ್ಕಶೀರ್ಷಿಕೆಯಿಂದ ಮೂವತ್ತು ದಿನದೊಳಗೆ ಸರಿಪಡಿಸಿ, ಕಂಬದ ಸಂಖ್ಯೆ ಸಹಿತ ಪಟ್ಟಿಯನ್ನು ಮುಂದಿನ ಸಭೆಗೆ ಮಂಡಿಸುವುದು" ಎಂದು ಬರೆದರೆ ತಪ್ಪಿಸಿಕೊಳ್ಳಲು ಸಂದಿ ಕಡಿಮೆ. ಒಂದು ಸಭೆಗೆ ಮೂರಕ್ಕಿಂತ ಜಾಸ್ತಿ ಬೇಡ. ನಲವತ್ತು ಶಿಫಾರಸಿನ ವರದಿಯಲ್ಲಿ ಸುಲಭದ ಐದನ್ನು ಮಾಡಿ ಉಳಿದದ್ದನ್ನು ಕಪಾಟಿಗೆ ಸೇರಿಸುತ್ತಾರೆ.

ಪದಗಳ ಮೇಲೂ ಕಣ್ಣಿರಲಿ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ ಎಲ್ಲ "ಪುರುಷರು" ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂಬ ಅರ್ಥದ ಮಾತಿತ್ತು. ಅದನ್ನು ಎಲ್ಲ "ಮಾನವರು" ಎಂದು ಬದಲಾಯಿಸಬೇಕೆಂದು ಪಟ್ಟು ಹಿಡಿದವರು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. 1948ರಲ್ಲಿ ಹೊರಬಂದ ಘೋಷಣೆಯಲ್ಲಿ ಇರುವುದು ಅವರ ಪದ. ಕರಡು ಓದುವಾಗ ಪದ ಹಿಡಿದು ಜಗಳವಾಡುವವರನ್ನು ಕಂಡರೆ ನನಗೆ ಗೌರವ ಜಾಸ್ತಿ. ಸಭೆ ತಡವಾಗುತ್ತದೆ, ಆಗಲಿ.

ಮಂಡಳಿ ಹೇಳಿದ್ದನ್ನು ಆಡಳಿತ ಕೇಳದಿದ್ದರೆ?

ಬಹಳ ಸಲ ಕೇಳುವುದಿಲ್ಲ. ನಾವು ಬರೆದ ಒಂದು ಪತ್ರಕ್ಕೆ ಹನ್ನೊಂದು ತಿಂಗಳ ನಂತರ ಹಿಂಬರಹ ಬಂತು. ಒಂದೇ ಪದ: "ಗಮನಿಸಲಾಗಿದೆ". ಯಾವ ಕಚೇರಿ ಎಂದು ಹೇಳುವುದಿಲ್ಲ, ಹೇಳಿದರೆ ಉಳಿದ ಕಚೇರಿಗಳಿಗೆ ಅನ್ಯಾಯವಾಗುತ್ತದೆ.

ಕೇಳದಿದ್ದಾಗ ಮಾಡಬಹುದಾದದ್ದು ಇಷ್ಟು. ವರ್ಷದ ವರದಿಯಲ್ಲಿ "ಉತ್ತರ ಬಾರದ ಶಿಫಾರಸುಗಳು" ಎಂದೇ ಒಂದು ಅಧ್ಯಾಯ ಹಾಕಿ, ತಾರೀಖು ಸಮೇತ. ಚುನಾಯಿತ ಸದಸ್ಯರೊಬ್ಬರಿಂದ ಅದನ್ನು ಸಾಮಾನ್ಯ ಸಭೆಯಲ್ಲಿ ಕೇಳಿಸಿ. ಊರಿನ ಸಂಘಗಳಿಗೆ ವರದಿ ಕೊಡಿ. ಮಂಡಳಿಯ ಕೈ ಕಟ್ಟಿರಬಹುದು, ಸಂಘಗಳ ಕೈ ಕಟ್ಟಿಲ್ಲ.

ಇದಕ್ಕೊಂದು ಹಳೆಯ ಕತೆ ಇದೆ. 1966ರ ಜೂನ್‌ನಲ್ಲಿ ಅಮೆರಿಕದ ರಾಜ್ಯ ಆಯೋಗಗಳ ಸಮಾವೇಶ ವಾಷಿಂಗ್ಟನ್‌ನಲ್ಲಿ ನಡೆಯಿತು. ಉದ್ಯೋಗದಲ್ಲಿ ಹೆಣ್ಣು ಗಂಡು ಭೇದ ಮಾಡಬಾರದು ಎಂಬ ಕಾನೂನು ಆಗಲೇ ಇತ್ತು, ಜಾರಿ ಮಾಡುವ ಸಂಸ್ಥೆ ಅದನ್ನು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಅದನ್ನು ಒತ್ತಾಯಿಸುವ ನಿರ್ಣಯ ಮಂಡಿಸಲು ಕೆಲವು ಪ್ರತಿನಿಧಿಗಳು ಹೊರಟರು. ಇಲ್ಲಿ ನಿರ್ಣಯ ಮಾಡುವ ಅಧಿಕಾರ ನಿಮಗಿಲ್ಲ ಎಂದು ಉತ್ತರ ಬಂತು. ಮಧ್ಯಾಹ್ನ ಊಟದ ಮೇಜಿನಲ್ಲೇ ಗುಸುಗುಸು ನಡೆಯಿತು. ಲೇಖಕಿ ಬೆಟ್ಟಿ ಫ್ರೀಡನ್ ಕಾಗದದ ಕರವಸ್ತ್ರದ ಮೇಲೆ ಹೊಸ ಸಂಘದ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ಗೀಚಿದರು: NOW. ನ್ಯಾಷನಲ್ ಆರ್ಗನೈಸೇಷನ್ ಫಾರ್ ವಿಮೆನ್ ಹುಟ್ಟಿದ್ದು ಹೀಗೆ. ನಿರ್ಣಯಕ್ಕೆ ಬಿಟ್ಟಿದ್ದರೆ ಬಹುಶಃ ಒಂದು ಠರಾವು ಪಾಸಾಗಿ ಕಡತಕ್ಕೆ ಹೋಗುತ್ತಿತ್ತು.

ಸದಸ್ಯರಲ್ಲೇ ಒಮ್ಮತ ಇಲ್ಲದಿದ್ದರೆ?

ಬಹುಮತದ ಮಾತು ಶಿಫಾರಸು ಆಗುತ್ತದೆ. ಒಪ್ಪದವರು ಭಿನ್ನಮತದ ಟಿಪ್ಪಣಿ ಬರೆಯಬೇಕು. ಸುಮ್ಮನೆ ಕೂರಬಾರದು, ಎದ್ದು ಹೋಗಲೂಬಾರದು.

ಮೇಲೆ ಹೇಳಿದ ಭಾರತದ ಸಮಿತಿಯಲ್ಲೇ ಹೀಗಾಯಿತು. ಶಾಸನಸಭೆಗಳಲ್ಲಿ ಮಹಿಳಾ ಮೀಸಲಾತಿ ಬೇಡ ಎಂದು ಬಹುಮತ ಹೇಳಿತು. ಹಳ್ಳಿ ಮಟ್ಟದಲ್ಲಿ ಮಹಿಳಾ ಪಂಚಾಯಿತಿಗಳು ಬರಲಿ ಎಂದಿತು. ವೀಣಾ ಮಜುಂದಾರ್ ಮತ್ತು ಇನ್ನೊಬ್ಬ ಸದಸ್ಯೆ ಲೋತಿಕಾ ಸರ್ಕಾರ್ ಒಪ್ಪಲಿಲ್ಲ, ಮೀಸಲಾತಿ ಬೇಕು ಎಂದು ಬೇರೆಯೇ ಬರೆದಿಟ್ಟರು. ಆಮೇಲೆ ಏನಾಯಿತು ನೋಡಿ. ಕರ್ನಾಟಕ 1983ರ ಕಾಯ್ದೆಯಲ್ಲಿ ಸ್ಥಳೀಯ ಸಂಸ್ಥೆಗಳ ಶೇಕಡ 25 ಸ್ಥಾನಗಳನ್ನು ಮಹಿಳೆಯರಿಗೆ ಇಟ್ಟಿತು. 1993ರ ಏಪ್ರಿಲ್ 24ರಿಂದ ಜಾರಿಗೆ ಬಂದ ಸಂವಿಧಾನದ 73ನೇ ತಿದ್ದುಪಡಿ ದೇಶದ ಪಂಚಾಯಿತಿಗಳಲ್ಲಿ ಕನಿಷ್ಠ ಮೂರನೇ ಒಂದು ಪಾಲು ಎಂದಿತು. ಸೋತವರು ಬರೆದಿಟ್ಟ ಆ ಕೆಲವು ಪುಟ ಕಳೆದುಹೋಗಲಿಲ್ಲ.

ದೇಶವೇ ಒಪ್ಪದ್ದನ್ನು ಒಂದು ಊರು ಒಪ್ಪಬಹುದಾ?

ಒಪ್ಪಿದ ಉದಾಹರಣೆ ಇದೆ. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ನಿವಾರಿಸುವ ವಿಶ್ವಸಂಸ್ಥೆಯ ಒಡಂಬಡಿಕೆ 1979ರದು. ಭಾರತ 1993ರಲ್ಲಿ ಅನುಮೋದಿಸಿತು. ಅಮೆರಿಕ 1980ರಲ್ಲಿ ಸಹಿ ಹಾಕಿದ್ದರೂ ಅನುಮೋದಿಸಲಿಲ್ಲ. ಆದರೆ ಸ್ಯಾನ್ ಫ್ರಾನ್ಸಿಸ್ಕೊ ನಗರ 1998ರಲ್ಲಿ ಅದರ ತತ್ವಗಳನ್ನು ತನ್ನದೇ ನಗರ ಕಾನೂನಾಗಿ ಮಾಡಿಕೊಂಡು, ತನ್ನ ಇಲಾಖೆಗಳ ಸಿಬ್ಬಂದಿ, ಸೇವೆ, ಬಜೆಟ್ ಎಲ್ಲವನ್ನೂ ಆ ಕನ್ನಡಕದಲ್ಲಿ ನೋಡಲು ಹೊರಟಿತು. ಯುರೋಪಿನ ಸ್ಥಳೀಯ ಆಡಳಿತಗಳಿಗೂ 2006ರಿಂದ ಸಮಾನತೆಯ ಒಂದು ಸನ್ನದು ಇದೆ. ಬೇಕಾದ ಊರು ಸಹಿ ಹಾಕಬಹುದು.

ಎಲ್ಲ ಹೆಣ್ಣುಮಕ್ಕಳ ಕಷ್ಟವೂ ಒಂದೇನಾ?

ಅಲ್ಲ, ಮತ್ತು ನಮ್ಮ ಮಂಡಳಿ ಹೆಚ್ಚು ಎಡವಿದ್ದು ಇಲ್ಲೇ. ಉದ್ಯೋಗಸ್ಥ ಮಹಿಳೆಯರಿಗೆ ಹಾಸ್ಟೆಲ್ ಬೇಕು ಎಂದು ಎರಡು ವರ್ಷ ಹೋರಾಡಿದೆವು. ಒಂದು ದಿನ ಕಸ ಗುಡಿಸುವ ಹೆಂಗಸೊಬ್ಬರು ಬಂದು, "ಬೆಳಗಿನ ಜಾವ ಐದಕ್ಕೆ ಹಾಜರಿ ಹಾಕಬೇಕು, ಆ ಹೊತ್ತಿಗೆ ಯಾವ ಶೌಚಾಲಯದ ಬೀಗ ತೆಗೆದಿರ್ತಾರೆ ಹೇಳಿ" ಎಂದರು. ನಮ್ಮಲ್ಲಿ ಯಾರೂ ಐದು ಗಂಟೆಗೆ ಊರು ನೋಡಿದವರಲ್ಲ. ಜಾತಿ, ವಯಸ್ಸು, ಅಂಗವೈಕಲ್ಯ, ಒಂಟಿ ಬದುಕು, ವಲಸೆ, ಇವೆಲ್ಲ ಲೆಕ್ಕದಲ್ಲಿ ಬೇರೆ ಬೇರೆ ಕಾಲಂ ಆಗಿ ಬರಬೇಕು. ಒಟ್ಟು ಮೊತ್ತ ಒಂದೇ ಬರೆದರೆ ಅವರು ಅದರಲ್ಲಿ ಕರಗಿಹೋಗುತ್ತಾರೆ.

ಮಂಡಳಿಯನ್ನು ರದ್ದು ಮಾಡಬಹುದಾ?

ಮಾಡಬಹುದು, ಮಾಡಿದ್ದಾರೆ. ಲಂಡನ್ನಿನ ಮಹಾನಗರ ಪರಿಷತ್ತು (ಗ್ರೇಟರ್ ಲಂಡನ್ ಕೌನ್ಸಿಲ್) 1982ರಲ್ಲಿ ಮಹಿಳಾ ಸಮಿತಿ ಮಾಡಿಕೊಂಡಿತ್ತು, ಹೆಸರೂ ಗಳಿಸಿತ್ತು. 1986ರಲ್ಲಿ ಇಡೀ ಪರಿಷತ್ತನ್ನೇ ಸರ್ಕಾರ ರದ್ದು ಮಾಡಿತು. ಬ್ರಿಟನ್ನಿನ ರಾಷ್ಟ್ರೀಯ ಮಹಿಳಾ ಆಯೋಗ 1969ರಲ್ಲಿ ಶುರುವಾಗಿ 2010ರ ಕೊನೆಗೆ ಮುಚ್ಚಿತು. ಆದೇಶದಿಂದ ಹುಟ್ಟಿದ ಮಂಡಳಿಯನ್ನು ಇನ್ನೊಂದು ಆದೇಶ ಮುಗಿಸುತ್ತದೆ. ಹೆಚ್ಚಿನವು ರದ್ದೂ ಆಗುವುದಿಲ್ಲ. ಅವಧಿ ಮುಗಿದ ಮೇಲೆ ಹೊಸ ಸದಸ್ಯರನ್ನು ನೇಮಿಸುವುದೇ ಇಲ್ಲ, ಕೋಣೆಯ ಬೀಗ ಯಾರ ಹತ್ತಿರ ಇದೆ ಎಂದು ಮರೆತುಹೋಗುತ್ತದೆ.

ನಾನು ಸದಸ್ಯೆ ಅಲ್ಲ. ನಾನೇನು ಮಾಡಬಹುದು?

ನಿಮ್ಮ ಊರಿನಲ್ಲಿ ಇಂಥ ಮಂಡಳಿ ಇದೆಯಾ ಎಂದು ಮೊದಲು ಕೇಳಿ. ಇದ್ದರೆ ಕಳೆದ ಎರಡು ಸಭೆಗಳ ನಡಾವಳಿಯ ನಕಲು ಬೇಕು ಎಂದು ಅರ್ಜಿ ಕೊಡಿ. ಭಾರತದಲ್ಲಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅರ್ಜಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಕೌಂಟರಿನಲ್ಲಿರುವವರು "ಅಂಥ ಮಂಡಳಿ ಯಾವುದೂ ಇಲ್ಲ" ಎಂದರೆ, ಅದನ್ನೇ ಬರೆದು ಸಹಿ ಮಾಡಿ ಕೊಡಿ ಎನ್ನಿ.